ಕಕ್ಕ ಬಿಗಿಹಿಡಿಯುವ ಮಗು: ಪಾಟಿ ಸೀಟಿಗಿಂತ ಮೊದಲು ಹೊಟ್ಟೆ ನೋಡಿ

ಎರಡೂವರೆ ವರ್ಷದ ಮಗು. ಉಚ್ಚೆ ಬಂದರೆ ಹೇಳುತ್ತದೆ, ಬಚ್ಚಲಿಗೆ ತಾನೇ ಓಡುತ್ತದೆ. ಕಕ್ಕ ಬಂದಾಗ ಮಾತ್ರ ಬಾಗಿಲ ಸಂದಿಗೋ ಸೋಫಾದ ಹಿಂದಕ್ಕೋ ಸರಿದು ನಿಲ್ಲುತ್ತದೆ. ತುದಿಗಾಲಲ್ಲಿ ನಿಂತು, ತೊಡೆಗೆ ತೊಡೆ ಒತ್ತಿ, ಪರದೆಯನ್ನು ಮುಷ್ಟಿಯಲ್ಲಿ ಹಿಡಿದು ಮುಖ ಕೆಂಪಗೆ ಮಾಡಿಕೊಳ್ಳುತ್ತದೆ. ಹತ್ತಿರ ಹೋದರೆ "ಬರ್ಬೇಡ" ಅನ್ನುತ್ತದೆ. ಪಾಟಿ ಸೀಟಿನ ಮೇಲೆ ಕೂರಿಸಿದರೆ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ ಕಿರುಚುತ್ತದೆ. ಡಯಾಪರ್ ಹಾಕಿದ ಐದೇ ನಿಮಿಷಕ್ಕೆ ಕೆಲಸ ಮುಗಿಸಿಬಿಡುತ್ತದೆ.

ಮನೆಯವರು ಇದಕ್ಕೆ ಹಟ ಅನ್ನುತ್ತಾರೆ, ಮುದ್ದು ಜಾಸ್ತಿಯಾಯಿತು ಅನ್ನುತ್ತಾರೆ. ಬಹಳಷ್ಟು ಮಕ್ಕಳಲ್ಲಿ ಇದು ಹಟವಲ್ಲ, ನೋವಿನ ನೆನಪು. ಎಂದೋ ಒಂದು ದಿನ ಗಟ್ಟಿ ಕಕ್ಕ ಹೊರಬರುವಾಗ ಉರಿದಿದೆ, ಚರ್ಮ ಸೀಳಿದೆ. ಜ್ವರ ಬಂದು ಊಟ ನೀರು ಬಿಟ್ಟಾಗ, ಬೇಸಿಗೆಯಲ್ಲಿ ಊರಿಗೆ ಹೋಗಿಬಂದಾಗ, ಎದೆಹಾಲು ಬಿಡಿಸಿ ಬಾಟಲಿ ಹಾಲು ಹೆಚ್ಚಿಸಿದಾಗ, ಡಯಾಪರಿನಿಂದ ಚರ್ಮ ಕೆಂಪಾಗಿದ್ದಾಗ, ಇಲ್ಲವೇ ಮಗು ಸಿದ್ಧವಾಗುವ ಮೊದಲೇ ಒತ್ತಾಯ ಮಾಡಿ ಕೂರಿಸಿದಾಗ ಇದು ಶುರುವಾಗಿರುತ್ತದೆ. ಆಮೇಲೆ ಮಗು ಹೆದರಿ ತಡೆಹಿಡಿಯುತ್ತದೆ. ತಡೆಹಿಡಿದಷ್ಟೂ ದೊಡ್ಡ ಕರುಳು ನೀರು ಹೀರುತ್ತದೆ, ಕಕ್ಕ ಇನ್ನಷ್ಟು ಗಟ್ಟಿ, ಇನ್ನಷ್ಟು ದಪ್ಪ ಆಗುತ್ತದೆ. ಮುಂದಿನ ಸಲ ಇನ್ನೂ ಹೆಚ್ಚು ನೋಯುತ್ತದೆ. ಈ ಸುಳಿಯಲ್ಲಿ ಸಿಕ್ಕಿಕೊಂಡ ಮಗುವಿಗೆ ಎಷ್ಟು ಚಂದದ ಪಾಟಿ ಸೀಟ್ ತಂದುಕೊಟ್ಟರೂ ಪ್ರಯೋಜನವಿಲ್ಲ. ಮೊದಲು ಕಕ್ಕ ಮೆತ್ತಗಾಗಬೇಕು, ಆಮೇಲೆ ಕೂರುವ ಭಂಗಿ ಸರಿಯಾಗಬೇಕು, ಕೊನೆಗೆ ಅಭ್ಯಾಸ. ಈ ಕ್ರಮ ತಪ್ಪಿದ್ದರಿಂದಲೇ ತಿಂಗಳುಗಟ್ಟಲೆ ಒದ್ದಾಡುವ ಮನೆಗಳು ಬಹಳ.

ತಿಣುಕುತ್ತಿದೆಯೋ, ತಡೆಯುತ್ತಿದೆಯೋ

ಮುಖ ಕೆಂಪಾದದ್ದು ಕಂಡರೆ "ಪಾಪ, ತಿಣುಕುತ್ತಿದೆ" ಅನ್ನಿಸುವುದು ಸಹಜ. ಮುಖ ನೋಡಬೇಡಿ, ಕಾಲು ನೋಡಿ. ಹೊರಹಾಕಲು ತಿಣುಕುವ ಮಗು ಮಂಡಿ ಮಡಿಸಿ ಕುಕ್ಕರಗಾಲಲ್ಲಿ ಕೂರುತ್ತದೆ, ಇಲ್ಲವೇ ಮುಂದಕ್ಕೆ ಬಾಗುತ್ತದೆ. ತಡೆಯುವ ಮಗುವಿನ ಕಾಲು ನೆಟ್ಟಗೆ ಸೆಟೆದಿರುತ್ತದೆ. ತುದಿಗಾಲು, ಕತ್ತರಿಗಾಲು, ಬಿಗಿದ ಕುಂಡಿ. ಕೆಲವು ಮಕ್ಕಳು ಆಟದ ನಡುವೆ ಇದ್ದಕ್ಕಿದ್ದಂತೆ ಕಂಬದ ಹಾಗೆ ನಿಂತುಬಿಡುತ್ತವೆ. ಅರ್ಧ ನಿಮಿಷ ಕಳೆದು ಕರುಳಿನ ಒತ್ತಡ ಇಳಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಆಟಕ್ಕೆ ಹೋಗುತ್ತವೆ. ಇಂಥ ಹೊತ್ತಿನಲ್ಲಿ ಎತ್ತಿಕೊಂಡು ಓಡಿ ಪಾಟಿ ಸೀಟಿನ ಮೇಲೆ ಕೂರಿಸಿದರೆ ಭಯ ಗಟ್ಟಿಯಾಗುತ್ತದೆ, ಅಷ್ಟೆ.

ಒಂದು ವಾರ ಕಲಿಸುವ ಪ್ರಯತ್ನವನ್ನೇ ಬಿಟ್ಟು, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಯಾವ ದಿನ, ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೋಯಿತು, ಅಳು ಇತ್ತೇ, ಚಡ್ಡಿಯಲ್ಲಿ ಕಲೆ ಇತ್ತೇ ಎಂದು ಗುರುತು ಹಾಕಿ. ಆಕಾರವನ್ನೂ ಬರೆಯಿರಿ. ವೈದ್ಯರು ಇದಕ್ಕೆ ಬ್ರಿಸ್ಟಲ್ ಚಾರ್ಟ್ ಬಳಸುತ್ತಾರೆ, ಅದರಲ್ಲಿ 1ರಿಂದ 7ರವರೆಗೆ ಏಳು ಬಗೆ. ಆಡಿನ ಹಿಕ್ಕೆಯಂಥ ಬಿಡಿ ಉಂಡೆ ಮೊದಲನೆಯದು, ಉಂಡೆಗಳನ್ನು ಒತ್ತಿ ಅಂಟಿಸಿದಂಥ ಗಡ್ಡೆ ಎರಡನೆಯದು. ಚೆನ್ನಾಗಿ ಮಾಗಿದ ಬಾಳೆಹಣ್ಣಿನ ಹಾಗೆ ನಯವಾಗಿ, ಮೆತ್ತಗೆ ಇರುವುದು ನಾಲ್ಕನೆಯದು. ಪೂರ್ತಿ ನೀರಾದರೆ ಏಳು. ಕಲಿಸಲು ಹೊರಟ ಮಗುವಿಗೆ 4 ಅಥವಾ 5 ಇರಬೇಕು.

ವಾರಕ್ಕೆ ಎರಡು ಸಲ ಅಥವಾ ಅದಕ್ಕಿಂತ ಕಡಿಮೆ ಹೋಗುವ ಮಗುವಿಗೆ ಮಲಬದ್ಧತೆ ಇದೆ ಎಂಬುದು ಸುಲಭವಾಗಿ ತಿಳಿಯುತ್ತದೆ. ದಿನವೂ ಗೋಲಿಯಷ್ಟು ಮಾತ್ರ ಹೋಗುವ ಮಗುವಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. "ದಿನಾ ಹೋಗ್ತಾನಲ್ಲ" ಎಂದು ಸುಮ್ಮನಾಗುತ್ತೇವೆ; ಒಳಗೆ ಹಳೆಯ ಗಡ್ಡೆ ಹಾಗೇ ಕೂತಿರುತ್ತದೆ.

ಇನ್ನೂ ಹೆಚ್ಚು ಮೋಸ ಮಾಡುವುದು ಸೋರಿಕೆ. ಗಟ್ಟಿ ಗಡ್ಡೆಯ ಸುತ್ತ ತೆಳು ಕಕ್ಕ ಜಿನುಗಿ ಚಡ್ಡಿಗೆ ಹತ್ತುತ್ತದೆ, ದಿನಕ್ಕೆ ನಾಲ್ಕೈದು ಸಲವೂ ಆಗಬಹುದು. ನೋಡಿದವರಿಗೆ ಭೇದಿ ಅನ್ನಿಸುತ್ತದೆ. ಭೇದಿಯೆಂದು ಕಟ್ಟುವ ಔಷಧ ಕೊಟ್ಟರೆ, ಹಣ್ಣು ಸೊಪ್ಪು ನಿಲ್ಲಿಸಿದರೆ ಒಳಗಿನ ಗಡ್ಡೆ ಇನ್ನೂ ಬಿಗಿಯುತ್ತದೆ. ಹಿಗ್ಗಿದ ಗುದನಾಳಕ್ಕೆ "ಬರುತ್ತಿದೆ" ಎಂಬ ಸೂಚನೆಯೂ ಸರಿಯಾಗಿ ತಿಳಿಯುವುದಿಲ್ಲವಾದ್ದರಿಂದ, ಈ ಸೋರಿಕೆ ಮಗುವಿನ ಅರಿವಿಗೇ ಬಂದಿರುವುದಿಲ್ಲ. ಅದಕ್ಕಾಗಿ ಆ ಮಗುವನ್ನು ಬೈದರೆ, ಅದಕ್ಕೆ ಗೊತ್ತೇ ಇಲ್ಲದ ತಪ್ಪಿಗೆ ಬೈದಂತೆ.

ಕಕ್ಕ ಮೆತ್ತಗೆ ಮಾಡುವುದು

ಹಾಲಿನಿಂದ ಶುರುಮಾಡಿ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 400ರಿಂದ 500 ಮಿ.ಲೀ. ಹಾಲು ಸಾಕು. ಬೆಳಿಗ್ಗೆ ಒಂದು ಬಾಟಲಿ, ಮಧ್ಯಾಹ್ನ ನಿದ್ದೆಗೆ ಒಂದು, ಸಂಜೆ ಒಂದು, ರಾತ್ರಿ ಎದ್ದಾಗ ಇನ್ನೊಂದು ಎಂದು ಲೆಕ್ಕ ಹಾಕಿದರೆ ಎಷ್ಟೋ ಮನೆಗಳಲ್ಲಿ ಅದು ಮುಕ್ಕಾಲು ಲೀಟರ್ ದಾಟುತ್ತದೆ. ಹೊಟ್ಟೆ ಹಾಲಿನಿಂದಲೇ ತುಂಬಿದ ಮಗು ಮುದ್ದೆ ಸಾರು ಯಾಕೆ ತಿಂದೀತು? ಕಬ್ಬಿಣದ ಅಂಶದ ಕೊರತೆಗೂ ಇದೇ ದಾರಿ. ಒಮ್ಮೆಗೇ ನಿಲ್ಲಿಸಬೇಡಿ. ಮೊದಲು ರಾತ್ರಿಯ ಬಾಟಲಿ ಬಿಡಿಸಿ, ಆಮೇಲೆ ಮಧ್ಯಾಹ್ನದ್ದು, ಹಗಲಿನದನ್ನು ಬಾಟಲಿಯಿಂದ ಲೋಟಕ್ಕೆ ತನ್ನಿ. ಹತ್ತು ಹದಿನೈದು ದಿನ ಹಿಡಿಯುತ್ತದೆ.

ಕುಡಿಯುವುದೆಲ್ಲ ಸೇರಿ, ಹಾಲೂ ಲೆಕ್ಕಕ್ಕೆ ಬಂದು, ಈ ವಯಸ್ಸಿಗೆ ದಿನಕ್ಕೆ ಸುಮಾರು 1 ಲೀಟರ್ ಬೇಕು. ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ನೀರು, ನೀರು ಮಜ್ಜಿಗೆ, ಬೇಳೆ ಕಟ್ಟು, ತಿಳಿಸಾರು ಎಲ್ಲವೂ ನಡೆಯುತ್ತದೆ.

ನಾರಿನಂಶಕ್ಕೆ ಸುಲಭದ ಲೆಕ್ಕವೊಂದಿದೆ: ಮಗುವಿನ ವಯಸ್ಸಿಗೆ 5 ಕೂಡಿಸಿದರೆ ದಿನಕ್ಕೆ ಬೇಕಾದ ಗ್ರಾಂ. ಎರಡು ವರ್ಷಕ್ಕೆ 7 ಗ್ರಾಂ, ಮೂರಕ್ಕೆ 8. ಕಾಲು ಕಪ್ ಬೇಯಿಸಿದ ಹೆಸರುಕಾಳಿನಲ್ಲೇ ಸುಮಾರು 3ರಿಂದ 4 ಗ್ರಾಂ ಸಿಗುತ್ತದೆ. ಉಳಿದದ್ದಕ್ಕೆ ಮಸ್ಸೊಪ್ಪಿನ ಸಾರು, ಬಸಳೆ, ಬೀನ್ಸ್, ಪಪ್ಪಾಯಿ, ಮರಸೇಬು, ಚೆನ್ನಾಗಿ ಮಾಗಿದ ಬಾಳೆಹಣ್ಣು. ಎಂಟು ಹತ್ತು ಒಣದ್ರಾಕ್ಷಿ ತೊಳೆದು ರಾತ್ರಿ ಕಾಲು ಲೋಟ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಕೈಯಲ್ಲೇ ಚೆನ್ನಾಗಿ ಕಿವುಚಿ ನೀರು ತಿರುಳು ಎರಡನ್ನೂ ಕೊಡಿ. ಇಡೀ ದ್ರಾಕ್ಷಿ ಕೊಡಬೇಡಿ, ಗಂಟಲಲ್ಲಿ ಸಿಕ್ಕೀತು.

ರಾಗಿಯ ಬಗ್ಗೆ ಒಂದು ಮಾತು. ಎಳೆ ಕೂಸಿಗೆ ಕೊಡುವ ರಾಗಿ ಮಣ್ಣಿಗೆ ರಾಗಿ ನೆನೆಸಿ, ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ ಸೋಸುತ್ತಾರೆ. ಬಟ್ಟೆಯಲ್ಲಿ ಉಳಿಯುವ ಆ ಕಂದು ಹೊಟ್ಟೇ ನಾರು. ಆರು ತಿಂಗಳ ಕೂಸಿಗೆ ಸೋಸಿದ್ದು ಸರಿ, ಎರಡು ವರ್ಷದ ಮಗುವಿಗೂ ಅದನ್ನೇ ಕೊಡುತ್ತಾ "ರಾಗಿ ಕೊಟ್ಟರೂ ಹೊಟ್ಟೆ ಕಟ್ಟುತ್ತದೆ" ಅಂದರೆ ತಪ್ಪು ರಾಗಿಯದಲ್ಲ. ಸೋಸದ ಹಿಟ್ಟಿನ ಅಂಬಲಿ ಮಾಡಿ, ಇಲ್ಲವೇ ಮೆತ್ತನೆಯ ಮುದ್ದೆಯನ್ನು ಸಾರಿನಲ್ಲಿ ಕಿವುಚಿ ಕೊಡಿ. ನಾರು ಹೆಚ್ಚಿಸಿದಾಗ ನೀರೂ ಹೆಚ್ಚಬೇಕು. ನೀರಿಲ್ಲದ ನಾರು ಗಡ್ಡೆಯನ್ನು ಇನ್ನೂ ದಪ್ಪ ಮಾಡುತ್ತದೆ. ಇಸಬ್‌ಗೋಲನ್ನು ಈ ವಯಸ್ಸಿಗೆ ನೀವಾಗಿಯೇ ಕೊಡಲು ಹೋಗಬೇಡಿ, ಅಷ್ಟು ನೀರು ಕುಡಿಸುವುದು ಆಗದ ಮಾತು. ಬಿಸ್ಕತ್ತು, ಬ್ರೆಡ್ಡು, ರಸ್ಕು ಹೊಟ್ಟೆ ತುಂಬಿಸಿಬಿಡುತ್ತವೆ. ಅವನ್ನು ಊಟದ ಹತ್ತಿರಕ್ಕೆ ತರಬೇಡಿ.

ಆದರೆ ಒಳಗೆ ಗಡ್ಡೆ ಕಟ್ಟಿಕೊಂಡ ಮಗುವಿಗೆ ಊಟ ನೀರು ಮಾತ್ರದಿಂದ ಆಗುವುದಿಲ್ಲ. ಮಕ್ಕಳ ವೈದ್ಯರ ಹತ್ತಿರ ಹೋಗಲೇಬೇಕು. ಸಾಮಾನ್ಯವಾಗಿ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಅಥವಾ ಲ್ಯಾಕ್ಟುಲೋಸ್ ಸಿರಪ್ ಬರೆಯುತ್ತಾರೆ. ಎರಡೂ ಕರುಳಿನಲ್ಲಿ ನೀರನ್ನು ಹಿಡಿದಿಟ್ಟು ಕಕ್ಕ ಮೆತ್ತಗೆ ಮಾಡುತ್ತವೆ. ಲ್ಯಾಕ್ಟುಲೋಸ್‌ನಿಂದ ಮೊದಮೊದಲು ಹೊಟ್ಟೆ ಉಬ್ಬರ, ಗ್ಯಾಸು ಇರಬಹುದು. ಪುಡಿಯಾದರೆ ಹೇಳಿದಷ್ಟೂ ನೀರಿನಲ್ಲಿ ಪೂರ್ತಿ ಕರಗಿಸಿ. ಬೇಗ ಕುಡಿದು ಮುಗಿಸಲಿ ಎಂದು ನೀರು ಕಡಿಮೆ ಮಾಡಬೇಡಿ, ಕೆಲಸ ಮಾಡುವುದೇ ಆ ನೀರು. ಅಳತೆಯನ್ನು ತೂಕ ನೋಡಿ ವೈದ್ಯರೇ ಹೇಳಬೇಕು.

ಗಡ್ಡೆ ಇದ್ದರೆ ಮೊದಲ 3ರಿಂದ 6 ದಿನ ಹೆಚ್ಚಿನ ಪ್ರಮಾಣ ಕೊಟ್ಟು ಹೊಟ್ಟೆ ಖಾಲಿ ಮಾಡಿಸುತ್ತಾರೆ. ಆ ದಿನಗಳಲ್ಲಿ ಸೋರಿಕೆ ಹೆಚ್ಚುತ್ತದೆ, ಮದುವೆ ಮುಂಜಿ ಪ್ರಯಾಣ ಇಟ್ಟುಕೊಳ್ಳಬೇಡಿ, ಡಯಾಪರ್ ಹಾಕಿಯೇ ಇರಲಿ. ಆಮೇಲೆ ಕಡಿಮೆ ಪ್ರಮಾಣದಲ್ಲಿ ಕನಿಷ್ಠ ಎರಡು ತಿಂಗಳು ಮುಂದುವರಿಸಬೇಕಾಗುತ್ತದೆ. ಬಹುತೇಕ ಮನೆಗಳು ಎಡವುವುದು ಇಲ್ಲೇ. ನಾಲ್ಕು ದಿನ ಮೆತ್ತಗೆ ಹೋದ ಕೂಡಲೇ "ಅಭ್ಯಾಸವಾಗಿಬಿಟ್ಟೀತು" ಎಂದು ನಿಲ್ಲಿಸುತ್ತಾರೆ. ಈ ಔಷಧಗಳಿಂದ ಕರುಳು ಸೋಮಾರಿಯಾಗುವುದಿಲ್ಲ. ಹಿಗ್ಗಿದ ಗುದನಾಳ ಮೊದಲಿನ ಅಳತೆಗೆ ಬರಲು, ಮಗುವಿನ ಮನಸ್ಸಿನಿಂದ ನೋವು ಅಳಿಯಲು ವಾರಗಳೇ ಬೇಕು. ಒಂದು ತಿಂಗಳಾದರೂ ತಡೆಯದೆ, ಅಳದೆ ಹೋಗುತ್ತಿದೆ ಎಂದಾದ ಮೇಲೆ ವೈದ್ಯರನ್ನು ಕೇಳಿ ಸ್ವಲ್ಪಸ್ವಲ್ಪವೇ ಇಳಿಸಿ.

ಸೋಪಿನ ಚೂರು, ಹರಳೆಣ್ಣೆಯಲ್ಲಿ ಅದ್ದಿದ ವೀಳ್ಯದೆಲೆಯ ತೊಟ್ಟು ಇವನ್ನು ಗುದದ್ವಾರಕ್ಕೆ ತೂರಿಸುವುದು ನಮ್ಮಲ್ಲಿ ಇಂದಿಗೂ ಇದೆ. ತಡೆಹಿಡಿಯುವ ಮಗುವಿಗೆ ಇದನ್ನು ಮಾಡಲೇಬೇಡಿ. ಸೋಪು ಒಳಗಿನ ತೆಳು ಪೊರೆಯನ್ನು ಸುಡುತ್ತದೆ, ತೊಟ್ಟು ಗೀರಬಹುದು. ಅದಕ್ಕಿಂತ ಕೆಟ್ಟದ್ದೆಂದರೆ, ಆ ಜಾಗ ಮುಟ್ಟಿದರೆ ನೋವೇ ಎಂದು ಮಗು ಇನ್ನೊಂದು ಸಲ ಕಲಿಯುತ್ತದೆ. ಬಾಯಿಗೆ ಹರಳೆಣ್ಣೆ ಹಾಕುವುದೂ ಬೇಡ, ಹೊಟ್ಟೆ ನುಲಿಯುತ್ತದೆ.

ಅಜ್ಜಿಯ ಕಾಲು, ಮಗುವಿನ ಮಂಡಿ

ಹಾಗೆಂದು ಹಿರಿಯರ ಪದ್ಧತಿಗಳೆಲ್ಲ ತಪ್ಪಲ್ಲ. ಕೂಸನ್ನು ಕಾಲ ಮೇಲೆ ಕೂರಿಸುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅಜ್ಜಿ ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಿ, ಪಾದಗಳ ನಡುವೆ ಸ್ವಲ್ಪ ಜಾಗ ಬಿಟ್ಟು, ಕೂಸನ್ನು ಪಾದಗಳ ಮೇಲೆ ಕೂರಿಸಿಕೊಳ್ಳುತ್ತಾರೆ. ಕೂಸಿನ ಬೆನ್ನು ಅಜ್ಜಿಯ ಮೊಣಕಾಲಿಗೆ ಒರಗಿರುತ್ತದೆ, ಮಂಡಿ ಸೊಂಟಕ್ಕಿಂತ ಮೇಲಿರುತ್ತದೆ, ತೊಡೆಗೆ ಆಸರೆ ಇರುತ್ತದೆ. ಹಾಲು ಕುಡಿದ ಸ್ವಲ್ಪ ಹೊತ್ತಿಗೆ, ದಿನವೂ ಅದೇ ಸಮಯಕ್ಕೆ, "ಸ್ಸ್‌‌ಸ್" ಎಂಬ ಅದೇ ಸದ್ದಿನೊಂದಿಗೆ. ಮಂಡಿ ಮೇಲೆ, ಕಾಲಿಗೆ ಆಸರೆ, ಹೊತ್ತು ಗೊತ್ತು, ಆತುರವಿಲ್ಲ: ಇಂದಿನ ಮಕ್ಕಳ ವೈದ್ಯರು ಹೇಳುವುದೂ ಇದನ್ನೇ. ಮಗು ದೊಡ್ಡದಾಗಿ ಕಮೋಡಿಗೆ ಬಂದಾಗ ನಾವು ಈ ನಾಲ್ಕನ್ನೂ ಮರೆತುಬಿಡುತ್ತೇವೆ.

ದೊಡ್ಡವರ ಕಮೋಡಿನ ಮೇಲೆ ಕೂತ ಎರಡು ವರ್ಷದ ಮಗುವಿನ ಕಾಲು ಗಾಳಿಯಲ್ಲಿ ಜೋಲಾಡುತ್ತದೆ. ನೀವೂ ಎತ್ತರದ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತು ಮುಕ್ಕಲು ನೋಡಿ, ಒತ್ತಡ ಹುಟ್ಟುವುದಿಲ್ಲ. ಸಾಲದ್ದಕ್ಕೆ ಒಳಗೆ ಬೀಳುತ್ತೇನೆಂಬ ಹೆದರಿಕೆಯಿಂದ ಮಗು ಕುಂಡಿ ಬಿಗಿದಿರುತ್ತದೆ. ಕಮೋಡಿನ ಮೇಲೆ ಇಡುವ ಚಿಕ್ಕ ಸೀಟಿನ ಜೊತೆಗೆ ಕಾಲುಮಣೆ ಇರಲೇಬೇಕು. ಅದರ ಎತ್ತರ ಹೀಗೆ ಲೆಕ್ಕ ಹಾಕಿ: ನೆಲದಿಂದ ಸೀಟಿನವರೆಗಿನ ಎತ್ತರ ಅಳೆಯಿರಿ, ಮಗುವಿನ ಮಂಡಿಯ ಹಿಂಬದಿಯಿಂದ ಅಂಗಾಲಿನವರೆಗೆ ಅಳೆದು ಅದರಿಂದ ಕಳೆಯಿರಿ, ಬಂದದ್ದಕ್ಕೆ 2–3 ಸೆಂ.ಮೀ. ಸೇರಿಸಿ. ಸೀಟು 40 ಸೆಂ.ಮೀ., ಮಗುವಿನ ಕಾಲು 22 ಸೆಂ.ಮೀ. ಇದ್ದರೆ ಸುಮಾರು 21 ಸೆಂ.ಮೀ. ಎತ್ತರದ ಮಣೆ. ಎರಡೂ ಪಾದ ಪೂರ್ತಿ ಊರುವಷ್ಟು ಅಗಲವಿರಲಿ, ಅಡಿಗೆ ರಬ್ಬರ್ ಅಂಟಿಸಿ, ಒದ್ದೆ ಟೈಲ್ಸ್ ಮೇಲೆ ಜಾರಬಾರದು. ಕೂತಾಗ ಮೊಣಕೈ ಮಂಡಿಯ ಮೇಲೆ ಊರಿ ಮುಂದಕ್ಕೆ ಬಾಗುವುದನ್ನು ಕಲಿಸಿ.

ಮೊದಲ ಸಲ ಕಲಿಯುವ ಮಗುವಿಗೆ ನೆಲದ ಮೇಲಿಡುವ ಪಾಟಿ ಸೀಟೇ ಒಳ್ಳೆಯದು. ಕಾಲು ನೆಲಕ್ಕೆ ಹತ್ತುತ್ತದೆ, ತಾನೇ ಕೂತು ತಾನೇ ಏಳಬಹುದು. ಸಂಗೀತ ನುಡಿಸುವ, ಕಾರಿನ ಆಕಾರದ ಸೀಟುಗಳಿಗೆ ದುಡ್ಡು ಹಾಕುವುದು ದಂಡ. ಮಗು ಅದನ್ನು ಆಟಿಕೆ ಎಂದುಕೊಳ್ಳುತ್ತದೆ. ಬುಡ ಅಗಲವಾಗಿದ್ದು ಅಲುಗಾಡಬಾರದು, ಒಳಗಿನ ಬಟ್ಟಲು ಸುಲಭಕ್ಕೆ ಹೊರಬರಬೇಕು, ಅಷ್ಟು ಸಾಕು. ಗಂಡುಮಗುವಿಗೂ ಮೊದಲು ಕೂತು ಉಚ್ಚೆ ಮಾಡುವುದನ್ನೇ ಕಲಿಸಿ. ನಿಂತು ಮಾಡುವುದು ಆಮೇಲೆ ತಾನಾಗಿ ಬರುತ್ತದೆ.

ನೆಲದ ಕಕ್ಕಸ್ಸು ಇರುವ ಮನೆಯಲ್ಲಿ ಕುಕ್ಕರಗಾಲಿನ ಭಂಗಿ ಸಹಜವಾಗಿಯೇ ಸಿಗುತ್ತದೆ, ಅದು ಲಾಭ. ತೊಂದರೆ ಏನೆಂದರೆ ಕಾಲಿಡುವ ಜಾಗ ದೊಡ್ಡವರ ಅಳತೆಯದು, ಪುಟ್ಟ ಕಾಲು ಅಷ್ಟಗಲ ಚಾಚಲಾರದು, ನಡುವಿನ ಗುಂಡಿ ನೋಡಿದರೆ ಭಯ. ಒಂದೆರಡು ತಿಂಗಳು ಪಾಟಿ ಸೀಟನ್ನು ಅದರ ಪಕ್ಕದಲ್ಲೇ ಇಡಿ. ಇಲ್ಲವೇ ಬಚ್ಚಲ ನೆಲದಲ್ಲಿ ಹಳೆಯ ಪತ್ರಿಕೆ ಹಾಸಿ ಕೂರಿಸಿ, ಆದದ್ದನ್ನು ಕಕ್ಕಸ್ಸಿಗೆ ಹಾಕಿ ನೀರು ಸುರಿಯಿರಿ. ಮಕ್ಕಳ ಕಕ್ಕದಿಂದ ರೋಗ ಹರಡುವುದಿಲ್ಲ ಎಂಬುದು ತಪ್ಪು ನಂಬಿಕೆ. ಮೋರಿಗೆ, ಬೀದಿ ಬದಿಗೆ ಎಸೆಯಬಾರದು.

ನೀವೇ ಒಮ್ಮೆ ಮಂಡಿಯೂರಿ, ಮಗುವಿನ ಎತ್ತರದಿಂದ ಬಚ್ಚಲನ್ನು ನೋಡಿ. ಮಂಕು ಬಲ್ಬು, ಒದ್ದೆ ನೆಲ, ಮೂಲೆಯಲ್ಲಿ ಜಿರಲೆ, ಗೋಡೆಯ ಮೇಲೆ ಹಲ್ಲಿ. ಫ್ಲಷ್ಷಿನ ಸದ್ದಿಗೆ ಹೆದರುವ ಮಗುವಾದರೆ ಅದು ಹೊರಗೆ ಬಂದ ಮೇಲೆಯೇ ಫ್ಲಷ್ ಮಾಡಿ. ಚಳಿಗಾಲದ ಬೆಳಿಗ್ಗೆ ಜೆಟ್ ಸ್ಪ್ರೇಯ ತಣ್ಣೀರು ರಪ್ಪೆಂದು ಬಡಿದರೆ ಸಾಕು, ಎಷ್ಟೋ ಮಕ್ಕಳು ಮರುದಿನದಿಂದ ಕೂರಲು ಒಲ್ಲೆನ್ನುತ್ತವೆ. ಮಗ್ಗಿನಲ್ಲಿ ಉಗುರುಬೆಚ್ಚಗಿನ ನೀರಿಟ್ಟುಕೊಂಡು ಕೈಯಲ್ಲಿ ತೊಳೆಯಿರಿ. ಹೆಣ್ಣುಮಗುವಿಗೆ ಮುಂದಿನಿಂದ ಹಿಂದಕ್ಕೇ ತೊಳೆಯಬೇಕು, ಹಿಂದಿನ ಕೊಳೆ ಮುಂದಕ್ಕೆ ಬಂದರೆ ಮೂತ್ರದ ಸೋಂಕು ತಗಲಬಹುದು.

ಮಾತು

ಮನೆಯಲ್ಲಿ ಒಂದೇ ಪದ ಇರಲಿ. ಅಜ್ಜಿ "ಕಕ್ಕ" ಅನ್ನುತ್ತಾರೆ, ಅಪ್ಪ "ಎರಡಕ್ಕೆ" ಅನ್ನುತ್ತಾನೆ, ನೋಡಿಕೊಳ್ಳುವ ಅಕ್ಕ ತಮ್ಮ ಭಾಷೆಯ ಪದ ಹೇಳುತ್ತಾರೆ, ಪ್ಲೇ ಸ್ಕೂಲಿನಲ್ಲಿ "ವಾಶ್‌ರೂಮ್". ಅವಸರ ಬಂದಾಗ ಎರಡು ವರ್ಷದ ಮಗುವಿಗೆ ಈ ನಾಲ್ಕರಲ್ಲಿ ಯಾವುದು ನೆನಪಾದೀತು? ಒಂದು ಪದ ಆರಿಸಿ, ಎಲ್ಲರಿಗೂ ಹೇಳಿ, ಶಾಲೆಯ ಡೈರಿಯಲ್ಲೂ ಬರೆದುಕೊಡಿ.

"ಬರ್ತಿದ್ಯಾ? ಬರ್ತಿದ್ಯಾ?" ಎಂದು ಗಳಿಗೆಗೊಮ್ಮೆ ಕೇಳಬೇಡಿ. ಈ ವಯಸ್ಸಿನಲ್ಲಿ ಕೇಳಿದ್ದಕ್ಕೆಲ್ಲ "ಇಲ್ಲ" ಎಂಬುದೇ ಉತ್ತರ. "ತಿಂಡಿ ಆಯ್ತು, ಈಗ ಕೂರೋ ಹೊತ್ತು. ಗೊಂಬೆ ತಗೋತೀಯಾ, ಪುಸ್ತಕ ತಗೋತೀಯಾ?" ಎಂದರೆ ಕೂರುವುದು ಗಟ್ಟಿ, ಆರಿಸುವುದಕ್ಕೂ ಅವಕಾಶವಿದೆ. "ಛೀ, ಗಲೀಜು, ನಾತ" ಎಂಬ ಮಾತುಗಳನ್ನು ಬಿಡಿ. ಮಗುವಿಗೆ ಕಕ್ಕ ತನ್ನದೇ ಮೈಯ ಭಾಗ. ಅದಕ್ಕೆ ಛೀ ಅಂದರೆ ತನಗೇ ಅಂದಂತೆ. "ಕಕ್ಕ ಆಚೆ ಬಂತು, ಹೊಟ್ಟೆಗೆ ಹಗುರಾಯ್ತು" ಅನ್ನಿ. ಗುಮ್ಮನ ಹೆದರಿಕೆ, ಪಕ್ಕದ ಮನೆಯ ಮಗುವಿನ ಹೋಲಿಕೆ, ಬಂದ ನೆಂಟರೆದುರು ನಗುವುದು ಇವೆಲ್ಲ ಬಚ್ಚಿಟ್ಟುಕೊಳ್ಳುವ ಚಾಳಿಯನ್ನು ಬೆಳೆಸುತ್ತವೆ.

ಡಯಾಪರಿನಿಂದ ಸೀಟಿಗೆ

ಊಟವಾದ 15ರಿಂದ 30 ನಿಮಿಷದಲ್ಲಿ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ಬೆಳಗಿನ ತಿಂಡಿಯ ನಂತರ ಇದು ಎಲ್ಲಕ್ಕಿಂತ ಜೋರು. ಆದ್ದರಿಂದ ತಿಂಡಿಯ ನಂತರ ಮತ್ತು ರಾತ್ರಿ ಊಟದ ನಂತರ, ದಿನಕ್ಕೆ ಎರಡು ಸಲ, 3ರಿಂದ 5 ನಿಮಿಷ ಕೂರಿಸಿ. ಐದಕ್ಕಿಂತ ಹೆಚ್ಚು ಬೇಡ. ಅರ್ಧ ಗಂಟೆ ಕೂರಿಸಿದರೆ ಅದು ಶಿಕ್ಷೆ. ಬೆಳಿಗ್ಗೆ ಎಂಟಕ್ಕೆ ಶಾಲೆಯ ವ್ಯಾನು ಬರುವ ಮನೆಯಲ್ಲಿ ಮಗುವನ್ನು ಅರ್ಧ ಗಂಟೆ ಮೊದಲು ಎಬ್ಬಿಸದೆ ಇದು ಸಾಧ್ಯವಿಲ್ಲ. ಕೂತಾಗ ಪೀಪಿ ಊದಿಸಿ, ಗಿರಗಿಟ್ಟಲೆ ಊದಿಸಿ, ಸೋಪಿನ ಗುಳ್ಳೆ ಬಿಡಿಸಿ. ಊದುವಾಗ ಹೊಟ್ಟೆ ಬಿಗಿಯಾಗಿ ಕೆಳಗಿನ ಸ್ನಾಯು ಸಡಿಲವಾಗುತ್ತದೆ, ನಮಗೆ ಬೇಕಾದದ್ದೇ ಅದು. ಮೊಬೈಲ್ ಮಾತ್ರ ಬೇಡ. ಅದರಲ್ಲಿ ಮುಳುಗಿದ ಮಗುವಿಗೆ ತನ್ನ ಹೊಟ್ಟೆ ಹೇಳುವುದು ಕೇಳಿಸುವುದಿಲ್ಲ.

ಬಹುಮಾನ ಕೊಡುವುದಾದರೆ ಕೂತದ್ದಕ್ಕೆ ಕೊಡಿ, ಕಕ್ಕ ಬಂದದ್ದಕ್ಕಲ್ಲ. ಕೂರುವುದು ಮಗುವಿನ ಕೈಯಲ್ಲಿದೆ, ಬರುವುದು ಅದರ ಕೈಯಲ್ಲಿಲ್ಲ. ಒಂದು ಸ್ಟಿಕರ್, ಕೈಗೊಂದು ಸೀಲು, ಆ ಕ್ಷಣವೇ. ಭಾನುವಾರ ಸೈಕಲ್ ಕೊಡಿಸುತ್ತೇನೆ ಎಂಬುದು ಎರಡು ವರ್ಷದ ಮಗುವಿಗೆ ಅರ್ಥವಾಗದು.

ಡಯಾಪರಿನಲ್ಲಿ ಮಾತ್ರ ಮಾಡುತ್ತೇನೆ ಅನ್ನುವ ಮಗುವಿನ ಕೈಯಿಂದ ಅದನ್ನು ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಡಯಾಪರನ್ನಲ್ಲ, ಕಕ್ಕವನ್ನೇ ತಡೆಯುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ:

1. ಡಯಾಪರ್ ಕೇಳಿದಾಗ ಕೊಡಿ, ಆದರೆ ಬಚ್ಚಲ ಮನೆಯೊಳಗೆ ನಿಂತು ಮಾಡಲಿ. ಪರದೆ ಹಿಂದಿನ ಜಾಗ ಬೇಡ.
2. ಡಯಾಪರ್ ಹಾಕಿಕೊಂಡೇ ಪಾಟಿ ಸೀಟಿನ ಮೇಲೆ ಕೂತು ಮಾಡಲಿ. ಎಲ್ಲಕ್ಕಿಂತ ಕಷ್ಟದ ಮೆಟ್ಟಿಲು ಇದೇ, ಹೆಚ್ಚು ದಿನ ಕೊಡಿ.
3. ಡಯಾಪರಿನ ಅಂಟು ಸಡಿಲ ಮಾಡಿ, ಇಲ್ಲವೇ ಅಡಿಯಲ್ಲಿ ಕತ್ತರಿಯಿಂದ ಚಿಕ್ಕ ತೂತು ಮಾಡಿ ಹಾಕಿ. ಎರಡು ದಿನಕ್ಕೊಮ್ಮೆ ತೂತು ದೊಡ್ಡದಾಗಲಿ.
4. ಡಯಾಪರನ್ನು ಮೈಗೆ ಹಾಕದೆ ಪಾಟಿಯ ಬಟ್ಟಲೊಳಗೆ ಹಾಸಿ.
5. ಬಟ್ಟಲು ಖಾಲಿ ಇರಲಿ.

ಒಂದೊಂದು ಮೆಟ್ಟಿಲಿಗೆ ಮೂರರಿಂದ ಏಳು ದಿನ. ಎರಡು ದಿನ ಕಕ್ಕ ಮಾಡದೆ ನಿಲ್ಲಿಸಿದರೆ ಹಿಂದಿನ ಮೆಟ್ಟಿಲಿಗೆ ಹೋಗಿ. ಈ ದಿನಗಳಲ್ಲೂ ಔಷಧ ನಿಲ್ಲಿಸಕೂಡದು, ಕಕ್ಕ ಮೆತ್ತಗಿದ್ದಾಗ ಮಾತ್ರ ಈ ಮೆಟ್ಟಿಲುಗಳು ಕೆಲಸ ಮಾಡುತ್ತವೆ.

ಸೀಟು ಕಂಡರೇ ಓಡಿಹೋಗುವ ಸ್ಥಿತಿ ಬಂದಿದ್ದರೆ ಎಲ್ಲ ಬಿಟ್ಟು ಎರಡು ಮೂರು ತಿಂಗಳು ಡಯಾಪರಿಗೆ ಮರಳಿ. ಸೀಟನ್ನು ಕಣ್ಣಿಗೆ ಕಾಣದಂತೆ ಎತ್ತಿಡಿ, ಮಾತೇ ಎತ್ತಬೇಡಿ, ಹೊಟ್ಟೆಯ ಕಡೆ ಮಾತ್ರ ಗಮನ ಕೊಡಿ. ಇದು ಸೋಲಲ್ಲ. ಹದಿನೆಂಟು ತಿಂಗಳಿಂದ ಮೂರು ವರ್ಷದ ನಡುವೆ ಯಾವಾಗ ಬೇಕಾದರೂ ಮಗು ಸಿದ್ಧವಾಗಬಹುದು. ಒಂದೂವರೆ ಎರಡು ಗಂಟೆ ಚಡ್ಡಿ ಒಣಗಿರುವುದು, ತಾನೇ ಚಡ್ಡಿ ಇಳಿಸುವುದು, "ಚಪ್ಪಲಿ ತಗೊಂಡು ಬಾ, ಬಾಗಿಲ ಹತ್ರ ಇಡು" ಎಂಬ ಎರಡು ಮಾತನ್ನು ಒಟ್ಟಿಗೆ ಪಾಲಿಸುವುದು ಸಿದ್ಧತೆಯ ಗುರುತು.

ಚಡ್ಡಿ, ಮಳೆ, ಶಾಲೆ

ಎಲಾಸ್ಟಿಕ್ಕಿನ ಸಡಿಲ ಚಡ್ಡಿ ಎಂಟು ಹತ್ತು ಬೇಕು. ಗುಂಡಿ, ಜಿಪ್ಪು, ಭುಜದ ಪಟ್ಟಿಯ ಬಟ್ಟೆ ಈ ತಿಂಗಳುಗಳಲ್ಲಿ ಬೇಡ. ಮಲೆನಾಡು, ಕರಾವಳಿಯವರು ಜೂನ್ ಜುಲೈನಲ್ಲಿ ಶುರುಮಾಡಿದರೆ ಚಡ್ಡಿ ಒಣಗಿಸುವುದೇ ದೊಡ್ಡ ತಲೆನೋವು. ಸಾಧ್ಯವಾದರೆ ಮಳೆ ಮುಗಿಯಲಿ. ಹಾಸಿಗೆಗೆ ರಬ್ಬರ್ ಶೀಟ್ ಹಾಸಿ. ಚಡ್ಡಿಯಲ್ಲಿ ಕಕ್ಕವಾದರೆ ಮಗುವನ್ನೂ ಕರೆದುಕೊಂಡು ಹೋಗಿ ಅದನ್ನು ಕಮೋಡಿಗೆ ಉದುರಿಸಿ, "ಕಕ್ಕ ಇಲ್ಲಿಗೆ ಹೋಗ್ಬೇಕು" ಅನ್ನಿ, ಅಷ್ಟೇ. ಚಡ್ಡಿಯನ್ನು ಮೊದಲು ತಣ್ಣೀರಿನಲ್ಲಿ ತೊಳೆಯಿರಿ, ಬಿಸಿನೀರು ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ. ಇಬ್ಬರೂ ಸೋಪು ಹಾಕಿ 20 ಸೆಕೆಂಡ್ ಕೈ ತೊಳೆಯಿರಿ.

ಚೆನ್ನಾಗಿ ಕಲಿತ ಮಗುವೂ ತಮ್ಮನೋ ತಂಗಿಯೋ ಹುಟ್ಟಿದಾಗ, ಮನೆ ಬದಲಿಸಿದಾಗ, ಶಾಲೆಗೆ ಸೇರಿದಾಗ ಮತ್ತೆ ಚಡ್ಡಿಯಲ್ಲಿ ಮಾಡಿಕೊಳ್ಳುತ್ತದೆ. ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಬಾಣಂತನಕ್ಕೆ ಒಂದೆರಡು ತಿಂಗಳು ಇರುವಾಗ ಹೊಸದಾಗಿ ಕಲಿಸಲು ಹೊರಡಬೇಡಿ.

ಶಾಲೆ, ಅಂಗನವಾಡಿಗಳಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ತಡೆದು ಕೂರುವ ಮಕ್ಕಳು ಬಹಳ. ಬಾಗಿಲು ಹಾಕಿಕೊಳ್ಳಲು ಬಾರದು, ಚಡ್ಡಿ ಹಾಕಿಕೊಳ್ಳಲು ಬಾರದು, ಆಯಾ ಬೈದಾರೆಂಬ ಭಯ. ಸೇರಿಸಿದ ಮೊದಲ ದಿನವೇ ಶೌಚಾಲಯ ಎಲ್ಲಿದೆ ಎಂದು ಮಗುವಿನ ಜೊತೆ ಹೋಗಿ ನೋಡಿ, ಕರೆದೊಯ್ಯುವವರ ಪರಿಚಯ ಮಾಡಿಸಿ. ಮಧ್ಯದಲ್ಲಿ ಒಮ್ಮೆ, ಮಗು ಕೇಳದಿದ್ದರೂ, ಹೊತ್ತಿಗೆ ಸರಿಯಾಗಿ ಕರೆದೊಯ್ಯಲು ಟೀಚರನ್ನು ಕೇಳಿಕೊಳ್ಳಿ. ಎರಡು ಜೊತೆ ಬಟ್ಟೆ, ಒಂದು ಪ್ಲಾಸ್ಟಿಕ್ ಚೀಲ ಬ್ಯಾಗಿನಲ್ಲಿರಲಿ.

ರಾತ್ರಿಯ ಒದ್ದೆ ಬೇರೆಯೇ ವಿಷಯ. ಅದು ಕಲಿಸುವುದರಿಂದ ಬರುವುದಲ್ಲ, ಮೈ ಬೆಳೆದಂತೆ ಬರುತ್ತದೆ. ಐದು ವರ್ಷದವರೆಗೆ ಅದರ ಚಿಂತೆ ಬೇಡ. ಹಗಲು ಚಡ್ಡಿ, ರಾತ್ರಿ ಡಯಾಪರ್ ಇದ್ದರೆ ಮಗುವಿಗೇನೂ ಗೊಂದಲವಾಗದು.

ವೈದ್ಯರಿಗೆ ಕೂಡಲೇ ತೋರಿಸಬೇಕಾದವು

ಹೊಟ್ಟೆ ಉಬ್ಬಿ ವಾಂತಿಯಾಗುತ್ತಿದ್ದರೆ, ಕಕ್ಕದಲ್ಲಿ ರಕ್ತ ಕಂಡರೆ, ತೂಕ ಏರದಿದ್ದರೆ, ಹುಟ್ಟಿದ ಎರಡು ದಿನವಾದರೂ ಮೊದಲ ಕಪ್ಪು ಕಕ್ಕ ಹೋಗಿರದಿದ್ದರೆ ಅಥವಾ ಮೊದಲ ತಿಂಗಳಿಂದಲೇ ಮಲಬದ್ಧತೆ ಇದ್ದರೆ, ಕಕ್ಕ ಯಾವಾಗಲೂ ರಿಬ್ಬನ್ನಿನಂತೆ ತೆಳ್ಳಗಿದ್ದರೆ, ಕಾಲಿನಲ್ಲಿ ಬಲವಿಲ್ಲದಿದ್ದರೆ, ಸೊಂಟದ ಕೆಳಗೆ ಬೆನ್ನುಮೂಳೆಯ ಮೇಲೆ ಗುಂಡಿಯೋ ಕೂದಲ ಕುಚ್ಚೋ ಇದ್ದರೆ ಕಾಯಬೇಡಿ. ಉಚ್ಚೆ ಮಾಡುವಾಗ ಅಳುವುದು, ಜ್ವರ, ಗಳಿಗೆಗೊಮ್ಮೆ ಹೋಗುವುದು ಸೋಂಕಿನ ಲಕ್ಷಣ. ಕಲಿತ ಮಗು ಇದ್ದಕ್ಕಿದ್ದಂತೆ ಮತ್ತೆ ಒದ್ದೆ ಮಾಡಿಕೊಳ್ಳುತ್ತಾ, ವಿಪರೀತ ನೀರು ಕುಡಿಯುತ್ತಾ, ಸೊರಗುತ್ತಿದ್ದರೆ ಅಂದೇ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ.

ಹೋಗುವಾಗ ಆ ಕ್ಯಾಲೆಂಡರ್ ಹಾಳೆಯನ್ನು ಮಡಚಿ ಒಯ್ಯಿರಿ, ಕಕ್ಕದ ಒಂದೆರಡು ಫೋಟೊ ಮೊಬೈಲಿನಲ್ಲಿರಲಿ. ದಿನಕ್ಕೆ ಎಷ್ಟು ಹಾಲು, ಯಾವ ಔಷಧ ಎಷ್ಟು ದಿನ ಕೊಟ್ಟಿರಿ, ಯಾವಾಗ ನಿಲ್ಲಿಸಿದಿರಿ ಎಂಬುದನ್ನೂ ಅದರ ಹಿಂದೆ ಬರೆದುಕೊಳ್ಳಿ.